ಕುಗ್ರಾಮದ ಬೇಸಾಯ: ಊರಿನಲ್ಲೇ ಉಳಿಯಬೇಕಾದ ನೀರು, ಮೇವು, ಕಾಳು

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು ಒಂದೇ ಆಡಳಿತಕ್ಕೆ ಒಳಪಟ್ಟಿದ್ದರೂ ಬೇಸಾಯದ ದೃಷ್ಟಿಯಿಂದ ಒಂದೇ ನಾಡಲ್ಲ. 1997ರಲ್ಲಿ ಜಿಲ್ಲೆ ರಚನೆಯಾದಾಗ ಜಗಳೂರು ಚಿತ್ರದುರ್ಗದಿಂದಲೂ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಆನಂತರ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಜಗಳೂರು ಸೇರಿರುವುದು ಮಧ್ಯ ಒಣ ವಲಯಕ್ಕೆ. ಈ ವಲಯದಲ್ಲಿ ವರ್ಷಕ್ಕೆ ಸುಮಾರು 450ರಿಂದ 720 ಮಿ.ಮೀ. ಮಳೆಯಾಗುತ್ತದೆ. ಉಳಿದ ಮೂರು ತಾಲ್ಲೂಕುಗಳು ದಕ್ಷಿಣ ಸಂಕ್ರಮಣ ವಲಯದವು. ಅಲ್ಲಿ ಮಳೆ 610ರಿಂದ 1,050 ಮಿ.ಮೀ.ವರೆಗೆ ಇರುತ್ತದೆ. ಜೊತೆಗೆ ಭದ್ರಾ ನಾಲೆ, ತುಂಗಾ ಮೇಲ್ದಂಡೆ ನಾಲೆ, ತುಂಗಭದ್ರಾ ನದಿ ಮತ್ತು ಹೆಸರಾಂತ ಸೂಳೆಕೆರೆ ಆ ಭಾಗದ ಹಲವು ಊರುಗಳಿಗೆ ಆಸರೆಯಾಗಿವೆ.

ಆದರೆ ನಾಲೆಯ ನೀರು ತಲುಪದ ಸಣ್ಣ ಊರುಗಳಿಗೆ ಹೋದರೆ ಈ ಅಂತರ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಉಬ್ರಾಣಿ ಹೋಬಳಿಯ ಗುಡ್ಡದ ಬುಡದ ಹಳ್ಳಿ, ಸೂರಗೊಂಡನಕೊಪ್ಪದ ಸುತ್ತಿನ ತಾಂಡಾ, ಸೊಕ್ಕೆ ಮತ್ತು ಬಿಳಿಚೋಡು ಹೋಬಳಿಗಳ ಹಟ್ಟಿ ಇವುಗಳ ಕಷ್ಟಗಳು ಒಂದನ್ನೊಂದು ಹೋಲುತ್ತವೆ. ಅರವತ್ತು, ಎಂಬತ್ತು ಮನೆಗಳು; ದಿನಕ್ಕೆ ಒಂದೆರಡು ಸಲ ಬಂದರೆ ಬಂತು ಎನ್ನುವ ಬಸ್ಸು; ಆಸ್ಪತ್ರೆಗೂ ಪ್ರೌಢಶಾಲೆಗೂ ಪರ ಊರು. ಕೊಳ್ಳುವ ಪ್ರತಿಯೊಂದು ವಸ್ತುವಿಗೂ ಸಾಗಣೆ ವೆಚ್ಚ ಸೇರುತ್ತದೆ, ಮಾರುವ ಪ್ರತಿಯೊಂದು ಚೀಲದಿಂದಲೂ ಸಾಗಣೆ ವೆಚ್ಚ ಕಳೆಯುತ್ತದೆ. ಇಂಥ ಊರಿನ ಬಲ ಅದು ಎಷ್ಟು ಬೆಳೆಯುತ್ತದೆ ಎಂಬುದಕ್ಕಿಂತ ಹೆಚ್ಚಾಗಿ, ಬೆಳೆದದ್ದರಲ್ಲಿ ಎಷ್ಟನ್ನು ತನ್ನಲ್ಲಿ ಉಳಿಸಿಕೊಳ್ಳುತ್ತದೆ ಎಂಬುದರಲ್ಲಿದೆ.

ಮೆಕ್ಕೆಜೋಳವೊಂದೇ ಬೆಳೆಯಾದಾಗ

ಹಿಂದೆ ಈ ಭಾಗದ ಒಣ ಭೂಮಿಯಲ್ಲಿ ಜೋಳ, ರಾಗಿ, ನವಣೆ, ಸಜ್ಜೆ, ಶೇಂಗಾ ಬೆಳೆಯುತ್ತಿದ್ದರು. ನಡುನಡುವೆ ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳಿನ ಅಕ್ಕಡಿ ಸಾಲುಗಳಿರುತ್ತಿದ್ದವು. ಈಗ ಬಹುಪಾಲು ಹೊಲಗಳಲ್ಲಿ ಕಾಣುವುದು ಮೆಕ್ಕೆಜೋಳ. ರೈತರು ಇದನ್ನು ಸುಮ್ಮನೆ ಆರಿಸಿಕೊಂಡಿಲ್ಲ. ಕೂಲಿಯಾಳು ಕಡಿಮೆ ಸಾಕು, ಹಕ್ಕಿಯ ಕಾಟ ಕಡಿಮೆ, ಮಳೆ ಹದವಾಗಿ ಬಂದರೆ ಇಳುವರಿ ಚೆನ್ನು, ಕೋಳಿ ಆಹಾರದ ಕಾರ್ಖಾನೆಗಳಿಂದ ಬೇಡಿಕೆಯೂ ಇದೆ. ಎರಡು ಮೂರು ಎಕರೆಯ ಒಕ್ಕಲಿಗೆ ಕೈಗೆ ರೊಕ್ಕ ಕಾಣಿಸಿದ ಬೆಳೆ ಇದು. ಅದನ್ನು ಬಿಡಿರೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ.

ತೊಂದರೆ ಇರುವುದು ಮಳೆಯ ಹೊಂದಾಣಿಕೆಯಲ್ಲಿ. ಮೃಗಶಿರ ಮಳೆಗೆ, ಅಂದರೆ ಜೂನ್ ಎರಡನೆಯ ವಾರದಲ್ಲಿ ಬಿತ್ತಿದ ಮೆಕ್ಕೆಜೋಳ 50ರಿಂದ 60 ದಿನಗಳಲ್ಲಿ ಸೂಲಂಗಿ ಬಿಟ್ಟು ರೇಷ್ಮೆಯಂಥ ಎಳೆಗಳನ್ನು ಹೊರಚಾಚುತ್ತದೆ. ಆಗ ಆಶ್ಲೇಷ ಮಳೆಯ ಕಾಲ. ಜಗಳೂರಿನ ಕಡೆ ದೊಡ್ಡ ಮಳೆ ಬೀಳುವುದು ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತ ಮಳೆಗಳಲ್ಲಿ. ಜುಲೈ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮೋಡ ಮುಸುಕಿ ಗಾಳಿ ಬೀಸಿದರೂ ಹನಿ ಬೀಳದ ದಿನಗಳು ಹೆಚ್ಚು. ಪರಾಗ ಬೀಳುವ ಆ ಕೆಲವೇ ದಿನಗಳಲ್ಲಿ ತೇವಾಂಶ ಕೊರತೆಯಾದರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಆಮೇಲೆ ಎಷ್ಟು ಮಳೆ ಬಂದರೂ ಆ ನಷ್ಟ ತುಂಬುವುದಿಲ್ಲ. ಹೊಲ ಹಸಿರಾಗಿಯೇ ಇರುತ್ತದೆ, ತೆನೆ ಸುಲಿದಾಗ ಮಾತ್ರ ನಿಜ ತಿಳಿಯುತ್ತದೆ. ರಾಗಿ ಕೆಲವು ಕಾಲ ಬಾಡಿದರೂ ಮಳೆ ಬಂದ ಕೂಡಲೆ ಚೇತರಿಸಿಕೊಳ್ಳುತ್ತದೆ. ನವಣೆ 80, 90 ದಿನಗಳಲ್ಲಿ ಕೊಯ್ಲಿಗೆ ಬರುವುದರಿಂದ ತಡವಾಗಿಯೂ ಬಿತ್ತಬಹುದು. ಮೆಕ್ಕೆಜೋಳಕ್ಕೆ ಈ ಎರಡು ಗುಣಗಳೂ ಇಲ್ಲ.

ಇದರ ಮೇಲೆ 2018ರಲ್ಲಿ ಫಾಲ್ ಸೈನಿಕ ಹುಳು ಬಂದು ಸೇರಿತು. ಅಮೆರಿಕ ಖಂಡದ ಈ ಕೀಟವನ್ನು ಭಾರತದಲ್ಲಿ ಮೊದಲು ಗುರುತಿಸಿದವರು ಶಿವಮೊಗ್ಗದ ಕೃಷಿ ಮಹಾವಿದ್ಯಾಲಯದ ವಿಜ್ಞಾನಿಗಳು. ಮರಿಹುಳು ಸುಳಿಯೊಳಗೆ ಸೇರಿ ತಿನ್ನುವುದರಿಂದ ದಾರಿಯಲ್ಲಿ ನಿಂತು ನೋಡಿದರೆ ಕಾಣುವುದಿಲ್ಲ. ಬಿತ್ತಿದ ಎರಡನೆಯ ವಾರದಿಂದಲೇ ಹೊಲದೊಳಗೆ ನಡೆದು ಸುಳಿಯನ್ನು ಬಿಡಿಸಿ ನೋಡಬೇಕು. ಹುಳು ಎಳೆಯದಿರುವಾಗ ಒಂದು ಲೀಟರ್ ನೀರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೋಯೇಟ್ ಬೆರೆಸಿ ಸುಳಿಗೆ ಬೀಳುವಂತೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಹುಳು ಬಲಿತ ಮೇಲೆ ಔಷಧಿಯ ಖರ್ಚು ಬಹುಪಾಲು ವ್ಯರ್ಥ.

ಆದ್ದರಿಂದ ಮೂರು ಎಕರೆ ಇದ್ದವರು ಮೂರನ್ನೂ ಮೆಕ್ಕೆಜೋಳಕ್ಕೆ ಕೊಡುವ ಬದಲು ಒಂದು ಎಕರೆಯನ್ನಾದರೂ ರಾಗಿ, ಜೋಳ ಇಲ್ಲವೇ ನವಣೆಗೆ ಮೀಸಲಿಡುವುದು ಲೇಸು. ರಾಗಿ ಅಥವಾ ಶೇಂಗಾದಲ್ಲಿ ಎಂಟು ಸಾಲಿಗೆ ಎರಡು ಸಾಲು ತೊಗರಿ ಇಟ್ಟರೆ ಹಿಂಗಾರಿನ ಮಳೆಯ ಉಪಯೋಗ ಆ ತೊಗರಿಗೆ ದೊರೆಯುತ್ತದೆ. ಮುಂಗಾರು ಕೈಕೊಟ್ಟ ವರ್ಷ ಮನೆಗೆ ಬೇಳೆಯಾದರೂ ಉಳಿಯುತ್ತದೆ.

ಬಣವೆಯ ಲೆಕ್ಕ

ಬೆಳೆ ಬದಲಾದಾಗ ಮೊದಲು ಏಟು ಬಿದ್ದದ್ದು ದನಗಳಿಗೆ. ಒಣಗಿದ ಮೆಕ್ಕೆಜೋಳದ ದಂಟು ಗಟ್ಟಿ. ಜೋಳದ ಸೊಪ್ಪೆಯನ್ನು ತಿನ್ನುವಂತೆ ದನ ಅದನ್ನು ತಿನ್ನುವುದಿಲ್ಲ, ಅರ್ಧಕ್ಕಿಂತ ಹೆಚ್ಚು ಕಾಲಡಿಗೆ ಹೋಗುತ್ತದೆ. ಒಂದು ಜೊತೆ ಎತ್ತು, ಒಂದು ಹಸು ಇರುವ ಮನೆಗೆ ದಿನಕ್ಕೆ ಸುಮಾರು 20 ಕಿಲೋ ಒಣ ಮೇವು ಬೇಕು. ಡಿಸೆಂಬರ್‌ನಿಂದ ಮೇವರೆಗಿನ ಆರು ತಿಂಗಳಿಗೆ ಇದು ಸುಮಾರು 3,600 ಕಿಲೋ ಆಗುತ್ತದೆ. ಇಷ್ಟನ್ನು ಹೊರಗಿನಿಂದ ಕೊಂಡು ತರುವಷ್ಟು ಶಕ್ತಿ ಸಣ್ಣ ಹಿಡುವಳಿದಾರರಿಗಿಲ್ಲ. ಬಣವೆ ಖಾಲಿಯಾದ ತಿಂಗಳು ಎತ್ತು ಸಂತೆಗೆ ಹೋಗುತ್ತದೆ. ಮರುವರ್ಷ ಮೃಗಶಿರಕ್ಕೆ ಹದ ಬಂದಾಗ ಬಾಡಿಗೆ ಟ್ರಾಕ್ಟರ್‌ಗಾಗಿ ಸರದಿ ಕಾಯಬೇಕು. ಊರು ದೂರವಿದ್ದಷ್ಟೂ ಸರದಿ ಕೊನೆಗೆ ಬರುತ್ತದೆ. ಎರಡು ದಿನ ತಡವಾದರೆ ಹದ ಆರಿಹೋಗಿರುತ್ತದೆ.

ಮೆಕ್ಕೆಜೋಳದ ದಂಟನ್ನು ಮೇವು ಕತ್ತರಿಸುವ ಯಂತ್ರದಲ್ಲಿ ಸಣ್ಣಗೆ ಕತ್ತರಿಸಿ ಕೊಟ್ಟರೆ ವ್ಯರ್ಥವಾಗುವುದು ಬಹಳ ಕಡಿಮೆಯಾಗುತ್ತದೆ. ಯಂತ್ರವನ್ನು ಪ್ರತಿ ಮನೆಯವರೂ ಕೊಳ್ಳಬೇಕಾಗಿಲ್ಲ. ಹತ್ತು ಮನೆಗೆ ಒಂದಿದ್ದರೂ ನಡೆಯುತ್ತದೆ. ಹೊನ್ನಾಳಿ, ಚನ್ನಗಿರಿಯ ಗದ್ದೆ ಬಯಲಿನಿಂದ ಭತ್ತದ ಹುಲ್ಲು ತಂದವರು ಅದನ್ನು ಯೂರಿಯಾದಿಂದ ಉಪಚರಿಸಿ ಕೊಡಬಹುದು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50ರಿಂದ 60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮುಚ್ಚಿ 21 ದಿನ ಬಿಡಬೇಕು. ತೆಗೆದ ಮೇಲೆ ವಾಸನೆ ಹೋಗುವಷ್ಟು ಹೊತ್ತು ಗಾಳಿಗೆ ಹರಡಿ ಕೊಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಲೇಬಾರದು. ಯೂರಿಯಾ ನೀರನ್ನು ದನ ಕುಡಿಯದಂತೆ ಎಚ್ಚರ ವಹಿಸಬೇಕು; ಕುಡಿದರೆ ಪ್ರಾಣಕ್ಕೇ ಅಪಾಯ.

ಕೊಳವೆಬಾವಿ ನಂಬಿದ ಅಡಿಕೆ

ಚನ್ನಗಿರಿ ತಾಲ್ಲೂಕಿನಲ್ಲಿ ಅಡಿಕೆ ತಂದ ಅನುಕೂಲ ಎಲ್ಲರ ಕಣ್ಣಿಗೂ ಬಿದ್ದಿದೆ. ಅದನ್ನು ನೋಡಿ ನಾಲೆ ಇಲ್ಲದ ಊರಿನವರೂ ಕೊಳವೆಬಾವಿ ಕೊರೆಸಿ ಸಸಿ ನೆಡುತ್ತಿದ್ದಾರೆ. ನೆಡುವ ಮುನ್ನ ಒಂದು ಲೆಕ್ಕ ಹಾಕಬೇಕು. 2.7 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 550 ಗಿಡ. ಹನಿ ನೀರಾವರಿಯಲ್ಲೂ ಬೇಸಿಗೆಯಲ್ಲಿ ಫಲ ಬಿಡುವ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಹೀಗೆ ಎಕರೆಗೆ ದಿನಕ್ಕೆ 8,800ರಿಂದ 11,000 ಲೀಟರ್ ಆಗುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ ಎರಡು. ಬೇಸಿಗೆಯ ತೊಂಬತ್ತು ದಿನಕ್ಕೆ ನೂರೆಂಬತ್ತು ಟ್ಯಾಂಕರ್.

2023ರ ಮುಂಗಾರು ವಿಫಲವಾಗಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಲಾಯಿತು. ಮರುವರ್ಷದ ಬೇಸಿಗೆಯಲ್ಲಿ ಚನ್ನಗಿರಿ ಭಾಗದ ಅನೇಕ ತೋಟಗಳಿಗೆ ಟ್ಯಾಂಕರ್ ನೀರು ಹೊಡೆದದ್ದನ್ನು ಜನ ಮರೆತಿಲ್ಲ. ಅಡಿಕೆ ಫಲಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಆ ಅವಧಿಯಲ್ಲಿ ಒಂದು ಬರವಾದರೂ ಬರುವುದೆಂದು ಲೆಕ್ಕ ಹಿಡಿದೇ ನೆಡಬೇಕಾಗುತ್ತದೆ. ರಾಗಿ ಒಣಗಿದರೆ ಒಂದು ವರ್ಷದ ಶ್ರಮ ಹೋಗುತ್ತದೆ, ತೋಟ ಒಣಗಿದರೆ ಏಳು ವರ್ಷದ ಸಾಲ ಉಳಿಯುತ್ತದೆ.

ಆಳದ ನೀರಿಗೆ ಇನ್ನೊಂದು ದೋಷವಿದೆ. ಜಗಳೂರು ತಾಲ್ಲೂಕಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಬಹುಕಾಲ ಕುಡಿದರೆ ಮೂಳೆ ಕೀಲುಗಳಿಗೂ ಹಾನಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆದ್ದರಿಂದ ಕುಡಿಯಲು ಮತ್ತು ಅಡಿಗೆಗೆ ಶುದ್ಧೀಕರಣ ಘಟಕದ ನೀರನ್ನೇ ಬಳಸಬೇಕು. ಘಟಕ ಕೆಟ್ಟು ನಿಂತಿದ್ದರೆ ಅದರ ದುರಸ್ತಿ ಊರಿನ ಮೊದಲ ಕೆಲಸವಾಗಬೇಕು.

ಹೊಂಡದ ನೀರನ್ನು ಯಾವಾಗ ಬಳಸಬೇಕು

ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಜಗಳೂರಿಗೂ ಪಾಲಿದೆ. ತುಂಗಭದ್ರಾ ನದಿಯಿಂದ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆಯೂ ಇದೆ. ಇವುಗಳಿಂದ ಅಂತರ್ಜಲಕ್ಕೆ ಆಗುವ ಉಪಕಾರ ದೊಡ್ಡದು. ಆದರೆ ಕೆರೆಯಿಂದ ದೂರವಿರುವ ಎತ್ತರದ ಹೊಲಕ್ಕೆ ಅಲ್ಲಿ ಬಿದ್ದ ಮಳೆಯೇ ಗತಿ.

12 ಮೀಟರ್ ಉದ್ದಗಲ, 3 ಮೀಟರ್ ಆಳದ, ಇಳಿಜಾರು ಬದಿಗಳ ಹೊಂಡದಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಒಂದು ಎಕರೆಯ ಮೇಲೆ ಬಿದ್ದ 1 ಮಿ.ಮೀ. ಮಳೆ 4,000 ಲೀಟರಿಗೆ ಸಮ. 50 ಮಿ.ಮೀ. ಬಿರುಮಳೆಯ ಐದನೆಯ ಒಂದು ಪಾಲು ಹರಿದು ಬಂದರೂ ಮೂರು ಎಕರೆಯಿಂದ 1,20,000 ಲೀಟರ್ ಸಿಗುತ್ತದೆ. ಅಂಥ ಎರಡು ಮಳೆಗೆ ಹೊಂಡ ತುಂಬುತ್ತದೆ. 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಇಂಥ ಹೊಂಡಗಳು ಬಹಳ ಆದವು. ಅದಕ್ಕೂ ಮೊದಲು, ಉದ್ಯೋಗ ಖಾತ್ರಿ 2006ರಲ್ಲಿ ರಾಜ್ಯದ ಐದೇ ಜಿಲ್ಲೆಗಳಲ್ಲಿ ಆರಂಭವಾದಾಗ ದಾವಣಗೆರೆಯೂ ಅವುಗಳಲ್ಲೊಂದಾಗಿತ್ತು.

ಅನೇಕರು ಮಾಡುವ ತಪ್ಪೆಂದರೆ ತುಂಬಿದ ಹೊಂಡವನ್ನು ಬೇಸಿಗೆಗೆಂದು ಕಾಯ್ದಿಡುವುದು. ದಿನಕ್ಕೆ 5 ಮಿ.ಮೀ. ಆವಿಯಾದರೂ ಇಷ್ಟು ಅಗಲದ ಹೊಂಡದಿಂದ 720 ಲೀಟರ್, ತಿಂಗಳಿಗೆ 21,000 ಲೀಟರಿಗೂ ಮೇಲ್ಪಟ್ಟು ನೀರು ಗಾಳಿಗೆ ಹೋಗುತ್ತದೆ. ಪಾಲಿಥೀನ್ ಹಾಳೆ ಹೊದಿಸದಿದ್ದರೆ ಕೆಂಪು ಭೂಮಿಯಲ್ಲಿ ಇಂಗುವುದು ಇನ್ನೂ ಹೆಚ್ಚು. ಈ ನೀರಿನ ಸರಿಯಾದ ಉಪಯೋಗ ಆಗಸ್ಟ್‌ನಲ್ಲಿ, ಸೂಲಂಗಿ ಬಿಡುವ ಹೊತ್ತಿನಲ್ಲಿ. ಸಾಲಿನಲ್ಲಿ ಹರಿಸಿದರೆ 50 ಮಿ.ಮೀ.ನಂತೆ ಒಂದು ಎಕರೆಗೆ, ತುಂತುರು ನೀರಾವರಿಯಲ್ಲಿ 25 ಮಿ.ಮೀ.ನಂತೆ ಎರಡು ಎಕರೆಗೆ ಸಾಕಾಗುತ್ತದೆ. ಖಾಲಿಯಾದ ಹೊಂಡವನ್ನು ಉತ್ತರೆ, ಹಸ್ತ ಮಳೆಗಳು ಮತ್ತೆ ತುಂಬಿಸುತ್ತವೆ. ಹೊಂಡದ ಸುತ್ತ ಬೇಲಿ ತಪ್ಪದೆ ಇರಬೇಕು. ಹಾಳೆ ಹೊದಿಸಿದ ಹೊಂಡಕ್ಕೆ ಕಾಲು ಜಾರಿದವರಿಗೆ ಹತ್ತಿ ಬರಲು ಹಿಡಿತ ಸಿಗುವುದಿಲ್ಲ; ಮಕ್ಕಳ ಜೀವಗಳೇ ಹೋಗಿವೆ.

ಕಣದಲ್ಲಿ ಆಗುವ ನಷ್ಟ

ಕೊಯ್ಲಾದ ಕೂಡಲೆ ಹಸಿ ಕಾಳನ್ನು ಕಣದಲ್ಲೇ ಮಾರುವುದು ದೂರದ ಊರುಗಳಲ್ಲಿ ರೂಢಿಯಾಗಿದೆ. ಒಣಗಿಸಲು ಕಣವಿಲ್ಲ, ಇಡಲು ಜಾಗವಿಲ್ಲ, ದಾವಣಗೆರೆ ಮಾರುಕಟ್ಟೆಗೆ ಹತ್ತು ಚೀಲಕ್ಕಾಗಿ ಗಾಡಿ ಮಾಡುವುದು ಕಟ್ಟುವುದಿಲ್ಲ. ವ್ಯಾಪಾರಿ ತೇವಾಂಶದ ಹೆಸರಿನಲ್ಲಿ ತೂಕ ಕಡಿಯುತ್ತಾನೆ. ಕಡಿತ ಎಷ್ಟಿರಬೇಕೆಂಬುದು ರೈತರಿಗೆ ತಿಳಿದಿರಬೇಕು. ಶೇಕಡಾ 20 ತೇವವಿರುವ ಒಂದು ಕ್ವಿಂಟಾಲ್ ಮೆಕ್ಕೆಜೋಳ ಶೇಕಡಾ 14ಕ್ಕೆ ಒಣಗಿದಾಗ 93 ಕಿಲೋ ಆಗುತ್ತದೆ. ಅಂದರೆ ನ್ಯಾಯವಾದ ಕಡಿತ 7 ಕಿಲೋ. ಅದಕ್ಕೆ ಮೀರಿದ್ದು ರೈತನ ಗಂಟಿನಿಂದ ಹೋದದ್ದು. ನಾಲ್ಕೈದು ಮನೆಯವರು ಸೇರಿ ಒಂದು ತೇವಾಂಶ ಮಾಪಕ ಇಟ್ಟುಕೊಂಡು, ಒಣಗಿಸಿದ ಕಾಳನ್ನು ಒಂದೇ ಲಾರಿಗೆ ಹೇರಿದರೆ ಮಾತಿನ ಧಾಟಿಯೇ ಬದಲಾಗುತ್ತದೆ. 2025-26ನೇ ಸಾಲಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಕಣದಲ್ಲಿ ಹೇಳಿದ ದರವನ್ನು ಅದರೊಂದಿಗೆ ಹೋಲಿಸಿ ನೋಡಬೇಕು.

ಲೆಕ್ಕಕ್ಕೆ ಬರದ ಊರುಗಳು

ತಾಂಡಾ, ಗೊಲ್ಲರಹಟ್ಟಿ, ಮಜರೆಗಳಲ್ಲಿ ಎಷ್ಟೋ ತಲೆಮಾರುಗಳಿಂದ ವಾಸವಿದ್ದರೂ ಮನೆ ನಿಂತ ನೆಲ ಬೇರೊಬ್ಬರ ಹೆಸರಿನಲ್ಲೋ ಸರ್ಕಾರದ ಹೆಸರಿನಲ್ಲೋ ಇರುವುದುಂಟು. 2016ರ ಭೂಸುಧಾರಣಾ ತಿದ್ದುಪಡಿ ಕಾಯಿದೆಯ ನಂತರ ಇಂಥ ವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಿ ಹಕ್ಕುಪತ್ರ ಕೊಡುವ ಕೆಲಸ ನಡೆದಿದೆ. ಹಕ್ಕುಪತ್ರ ಬಾರದವರು ಗ್ರಾಮ ಆಡಳಿತ ಅಧಿಕಾರಿಯ ಬಳಿ ತಮ್ಮ ವಸತಿಯ ಹೆಸರು ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಬೇಕು. ಸುಗ್ಗಿ ಮುಗಿದೊಡನೆ ಕಾಫಿ ತೋಟಕ್ಕೋ ಕಬ್ಬು ಕಡಿಯಲಿಕ್ಕೋ ಹೋಗುವ ಕುಟುಂಬಗಳು ಸರ್ವೆಯ ದಿನ ಊರಲ್ಲಿ ಇರುವುದಿಲ್ಲ. ಹೆಸರು ಬಿಟ್ಟುಹೋಗುವುದು ಬಹುತೇಕ ಆಗಲೇ.

ಬೆಳೆ ವಿಮೆಯಲ್ಲೂ ಇಂಥದೇ ತೊಡಕಿದೆ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯನ್ನೂ ಇತರ ಬೆಳೆಗೆ ಹೋಬಳಿಯನ್ನೂ ಘಟಕವಾಗಿ ಹಿಡಿಯುವುದರಿಂದ, ಅಂಚಿನ ಊರಿನಲ್ಲಿ ಮಳೆಯಿಲ್ಲದೆ ಬೆಳೆ ಹೋದರೂ ನಡುವಿನ ಊರುಗಳಲ್ಲಿ ಬೆಳೆದಿದ್ದರೆ ಪರಿಹಾರ ಬರುವುದಿಲ್ಲ. ಇದು ವ್ಯವಸ್ಥೆಯ ಕೊರತೆ, ರೈತರದ್ದಲ್ಲ. ಆದರೆ ಆಲಿಕಲ್ಲು ಮಳೆಗೆ ಸಿಕ್ಕಿದ ಅಥವಾ ನೀರು ನಿಂತು ಕೆಟ್ಟ ಹೊಲಗಳನ್ನು ಪ್ರತ್ಯೇಕವಾಗಿ ನೋಡುವ ಅವಕಾಶವಿದೆ. ಅದಕ್ಕೆ 72 ಗಂಟೆಯೊಳಗೆ ತಿಳಿಸಬೇಕು. ವಿಮೆ ಕಟ್ಟಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಆಗಿರಬೇಕು. ಮೊಬೈಲ್ ಸಂಕೇತ ಸಿಗದ ಊರಿನವರು ಸಮೀಕ್ಷೆ ಮಾಡಿದ ಹುಡುಗ ಏನು ಬರೆದುಕೊಂಡನೆಂದು ಆಗಲೇ ಕೇಳಿಕೊಳ್ಳಬೇಕು. ಮೆಕ್ಕೆಜೋಳದ ನಡುವೆ ತೊಗರಿ ಸಾಲು ಇಟ್ಟವರು ಎರಡನ್ನೂ ಬರೆಸಬೇಕು.