ದೆಹಲಿಯ ಚಳಿ ಮತ್ತು ಗಾಜಿನ ಪೆಟ್ಟಿಗೆಯ ಹಾವು

ಜನವರಿಯ ಒಂದು ಬೆಳಗ್ಗೆ ವಿಜ್ಞಾನದ ಪಿರಿಯಡ್ ಮುಗಿದ ಮೇಲೆ ಎಂಟನೇ ತರಗತಿಯ ಹುಡುಗನೊಬ್ಬ ನನ್ನ ಮೇಜಿನ ಹತ್ತಿರ ಬಂದು ನಿಂತ. "ಮ್ಯಾಮ್, ಹಾವಿಗೆ ಸುಟ್ಟ ಗಾಯ ಆದ್ರೆ ನಮ್ಮ ಮುಲಾಮು ಹಚ್ಚಬಹುದಾ?" ಅಂತ ಕೇಳಿದ. ತಮಾಷೆ ಮಾಡ್ತಿದ್ದಾನೆ ಅಂದುಕೊಂಡೆ. ಮುಖ ನೋಡಿದರೆ ಅಳು ಬರುವ ಹಾಗಿತ್ತು.

ಕಾಲೇಜು ಓದುವ ಅವನ ಅಣ್ಣ ಒಂದು ಬಾಲ್ ಪೈಥಾನ್ ಸಾಕಿದ್ದ. ಅವತ್ತು ಸಂಜೆ ಅವರಮ್ಮನನ್ನು ಕೇಳಿಕೊಂಡು ಗಾಜಿಯಾಬಾದ್ ಕಡೆಯ ಅವರ ಫ್ಲ್ಯಾಟಿಗೆ ಹೋದೆ. ಪ್ಲಾಸ್ಟಿಕ್ ಡಬ್ಬ, ಅದರ ಕೆಳಗೆ ಸೊಂಟನೋವಿಗೆ ಬಳಸುವ ಹೀಟಿಂಗ್ ಪ್ಯಾಡ್. ಹೊರಗೆ ನಾಲ್ಕೈದು ಡಿಗ್ರಿ ಚಳಿ, ಪಾಪ ಹಾವು ನಡುಗೀತು ಅಂತ ರಾತ್ರಿಯಿಡೀ 'ಹೈ' ಮೇಲೆ ಇಟ್ಟಿದ್ದರು. ಹಾವಿನ ಹೊಟ್ಟೆಯ ಪೊರೆ ಕೆಂಪಾಗಿತ್ತು, ಎರಡು ಕಡೆ ಗುಳ್ಳೆ ಎದ್ದಿತ್ತು. ಆ ಮನೆಯವರು ನಿರ್ದಯಿಗಳಲ್ಲ. ಪ್ರೀತಿಯಿಂದಲೇ ಸುಟ್ಟಿದ್ದರು.

ಮುಲಾಮು ಹಚ್ಚಬೇಡಿ, ಹೀಟರ್ ತೆಗೆಯಿರಿ, ಕೆಳಗೆ ಹಾಸಿದ ಮರದ ಪುಡಿ ತೆಗೆದು ಬಿಳಿ ಟಿಶ್ಯೂ ಕಾಗದ ಹಾಸಿ, ಸರೀಸೃಪ ನೋಡಿ ಅಭ್ಯಾಸವಿರುವ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಅಂದೆ. ಹೋದರು. ಹಾವು ಉಳಿಯಿತು. ಆಮೇಲೆ ಆ ಅಣ್ಣ ತಮ್ಮ ಇಬ್ಬರೂ ಸೇರಿ ಅದರ ಮನೆಯನ್ನು ಮೊದಲಿನಿಂದ ಕಟ್ಟಿದರು, ನಾನು ಜೊತೆಗಿದ್ದೆ. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಕಾನೂನಿನ ಮಾತು

ನಾಗರಹಾವು, ಕೇರೆ, ಹೆಬ್ಬಾವು, ನಮ್ಮ ಕಡೆ 'ಎರಡು ತಲೆ ಹಾವು' ಅಂತ ಕರೆಯುವ ಮಣ್ಣುಮುಕ್ಕ, ಇವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವನ್ನು ಕಾಯುತ್ತದೆ. ಬಾಲ್ ಪೈಥಾನ್ ಆಫ್ರಿಕಾದ ಹಾವು. ಅದು ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವುದರಿಂದ, ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದಪತ್ರ ಇಲ್ಲದೆ ಮಾರುವವರಿಂದ ಕೊಳ್ಳಬೇಡಿ. ಮುಂದೆ ಹೇಳುವುದೆಲ್ಲ ಕಾನೂನುಬದ್ಧವಾಗಿ ಸಾಕಿದ ಇಂಥ ವಿದೇಶಿ ಹಾವುಗಳ ಬಗ್ಗೆ.

ಹಾವಿಗೂ ಚಳಿ ಆಗ್ತದಾ?

ಊರಿಗೆ ಫೋನ್ ಮಾಡಿ ಅಮ್ಮಿಗೆ ಈ ಕಥೆ ಹೇಳಿದಾಗ, "ಸಾಂಪ್ ಕು ಬೀ ಥಂಡ್ ಲಗ್ತೀ ಕ್ಯಾ?" ಅಂತ ನಕ್ಕರು. ಹಾವಿಗೂ ಚಳಿ ಆಗ್ತದಾ? ಆಗ್ತದೆ, ಆದರೆ ನಮಗೆ ಆದ ಹಾಗೆ ಅಲ್ಲ. ನಮ್ಮ ದೇಹ ತಾನೇ ಒಲೆ ಹೊತ್ತಿಸಿಕೊಳ್ಳುತ್ತದೆ. ಉಂಡ ಅನ್ನದ ಬಹುಪಾಲು ಶಕ್ತಿ ಮೈ ಬೆಚ್ಚಗಿಡುವುದಕ್ಕೇ ಹೋಗುತ್ತದೆ. ರಜಾಯಿ ಹೊದ್ದರೆ ಬೆಚ್ಚಗಾಗುವುದು ನಮ್ಮದೇ ಬಿಸಿ ಒಳಗೆ ಉಳಿಯುವುದರಿಂದ. ಹಾವಿನ ಒಳಗೆ ಅಂಥ ಒಲೆ ಇಲ್ಲ. ಅದು ಬಿಸಿಯನ್ನು ಹೊರಗಿನಿಂದ ಕಡ ತರುತ್ತದೆ.

ಕಲಬುರಗಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೇಸಿಗೆಯ ಸಂಜೆ ಶಹಾಬಾದ್ ಕಲ್ಲಿನ ಅಂಗಳದಲ್ಲಿ ಬರಿಗಾಲಲ್ಲಿ ನಡೆದರೆ ಮಗ್ರಿಬ್ ಆದ ಮೇಲೂ ಕಲ್ಲು ಬೆಚ್ಚಗಿರುತ್ತದೆ. ಹಾವು ಅಂಥ ಕಲ್ಲಿನ ಮೇಲೆ ಮೈ ಕಾಯಿಸಿಕೊಂಡು, ಸಾಕಾದಾಗ ಬಿಲಕ್ಕೆ ಸರಿಯುತ್ತದೆ. ಬಿಸಿ ಸಿಗದಿದ್ದರೆ ನುಂಗಿದ ಇಲಿ ಹೊಟ್ಟೆಯಲ್ಲಿ ಜೀರ್ಣವಾಗದೆ ಕೊಳೆಯುತ್ತದೆ, ಹಾವು ಅದನ್ನು ಕಕ್ಕುತ್ತದೆ. ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಬಾಯಿ ತೆರೆದು ಉಸಿರಾಡುವುದು, ಉಸಿರಿನಲ್ಲಿ ಸೀಟಿಯಂಥ ಸದ್ದು, ಬಾಯಿಯಲ್ಲಿ ನೊರೆ ಕಂಡರೆ ಎದೆಗೆ ಸೋಂಕು ತಗುಲಿರಬಹುದು. ತಕ್ಷಣ ಡಾಕ್ಟರ್ ನೋಡಬೇಕು.

ದೆಹಲಿಯಲ್ಲಿ ಇದು ಸಣ್ಣ ಮಾತಲ್ಲ. 2023ರ ಜನವರಿ 8ರಂದು ಸಫ್ದರ್‌ಜಂಗ್‌ನಲ್ಲಿ ಕನಿಷ್ಠ ತಾಪಮಾನ 1.9 ಡಿಗ್ರಿಗೆ ಇಳಿದಿತ್ತು. ಪಶ್ಚಿಮ ಆಫ್ರಿಕಾದ ಹಾವಿಗೆ ಇಂಥ ಚಳಿಯ ಪರಿಚಯವೇ ಇಲ್ಲ.

ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು

ಊರಲ್ಲಿ ಕೋಳಿಮರಿ ಸಾಕಿದವರು ಬುಟ್ಟಿಯ ಒಂದು ಮೂಲೆಗೆ ಬಲ್ಬು ಇಳಿಬಿಟ್ಟದ್ದನ್ನು ನೋಡಿರುತ್ತೀರಿ. ಮರಿಗಳು ಬಲ್ಬಿನ ಕೆಳಗೆ ಒತ್ತೊತ್ತಾಗಿ ನಿಂತರೆ ಚಳಿ ಜಾಸ್ತಿ, ದೂರ ಓಡಿ ನಿಂತರೆ ಬಿಸಿ ಜಾಸ್ತಿ, ಹರಡಿಕೊಂಡು ಓಡಾಡಿದರೆ ಸರಿ ಇದೆ ಅಂತ. ಹಾವಿನ ಪೆಟ್ಟಿಗೆಗೂ ಇದೇ ಲೆಕ್ಕ. ಇಡೀ ಪೆಟ್ಟಿಗೆ ಒಂದೇ ಸಮ ಬಿಸಿ ಇರಬಾರದು.

ಬಾಲ್ ಪೈಥಾನಿಗೆ ಬಿಸಿ ತುದಿ ಸುಮಾರು 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ತುದಿ 25ರಿಂದ 27 ಇದ್ದರೆ ಹಿತ. ಕಾರ್ನ್ ಸ್ನೇಕ್ ಅಮೆರಿಕದ ಹಾವು, ಅದಕ್ಕೆ ಎರಡೂ ಕಡೆ ಒಂದೆರಡು ಡಿಗ್ರಿ ಕಡಿಮೆ ಸಾಕು. ಎರಡೂ ತುದಿಯಲ್ಲಿ ಅಡಗಿಕೊಳ್ಳಲು ಒಂದೊಂದು ಗೂಡು ಇಡಿ. ಒಂದೇ ಗೂಡು ಇದ್ದು ಅದು ತಂಪು ಕಡೆ ಇದ್ದರೆ, ಹೆದರುವ ಹಾವು ಬಿಸಿ ಬಿಟ್ಟು ಗೂಡನ್ನೇ ಆರಿಸಿಕೊಂಡು ಚಳಿಯಲ್ಲಿ ಕೂರುತ್ತದೆ. ಹಾವು ಸದಾ ಬಿಸಿ ತುದಿಯಲ್ಲೇ ಸುತ್ತಿಕೊಂಡಿದ್ದರೆ ಪೆಟ್ಟಿಗೆ ಥಂಡಿ ಇರಬಹುದು. ಸದಾ ನೀರಿನ ಬಟ್ಟಲಲ್ಲಿ ಮುಳುಗಿದ್ದರೆ ಬಿಸಿ ಜಾಸ್ತಿ ಇರಬಹುದು, ಅಥವಾ ಮೈಗೆ ಉಣ್ಣೆಹುಳ ಹತ್ತಿರಬಹುದು.

ಹಾಗಾದರೆ ಆ ಹಾವು ಪ್ಯಾಡ್ ಬಿಸಿಯಾದಾಗ ಸರಿದು ಹೋಗಲಿಲ್ಲ ಯಾಕೆ? ಹುಡುಗ ನನ್ನನ್ನು ಇದನ್ನೇ ಕೇಳಿದ್ದ. ಒಂದು, ಡಬ್ಬದ ತಳ ಪೂರ್ತಿ ಪ್ಯಾಡ್ ಇತ್ತು, ಸರಿಯಲು ಜಾಗವೇ ಇರಲಿಲ್ಲ. ಎರಡು, ಸುತ್ತಲಿನ ಗಾಳಿ ಕೊರೆಯುತ್ತಿರುವಾಗ ಹಾವು ಇರುವ ಒಂದೇ ಬೆಚ್ಚನೆಯ ಜಾಗವನ್ನು ಬಿಡುವುದಿಲ್ಲ, ಹೊಟ್ಟೆ ಸುಡುತ್ತಿದ್ದರೂ ಅಲ್ಲೇ ಬಿದ್ದಿರುತ್ತದೆ. ಸಾಕುಹಾವುಗಳ ಹೊಟ್ಟೆ ಸುಡುವುದು ಅಪರೂಪದ ಸಂಗತಿ ಅಲ್ಲ. ಅದಕ್ಕೇ 'ಬಿಸಿ ಆದ್ರೆ ಅದೇ ಸರಿದುಕೊಳ್ತದೆ' ಅಂತ ನಂಬಿ ಕೂರುವಂತಿಲ್ಲ.

ಯಾವ ಹೀಟರ್?

ಸಾಮಾನ್ಯವಾಗಿ ಸಿಗುವುದು ಎರಡು ಬಗೆ. ಒಂದು ಹೀಟ್ ಮ್ಯಾಟ್, ಪೆಟ್ಟಿಗೆಯ ಕೆಳಗೆ ಹೊರಗಿನಿಂದ ಅಂಟಿಸುವ ತೆಳು ಹಾಳೆ. ಸಣ್ಣದಾದರೆ 10ರಿಂದ 20 ವ್ಯಾಟ್ ಮಾತ್ರ. ಇದು ತಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇರಬಾರದು. ಪೆಟ್ಟಿಗೆಗೆ ನಾಲ್ಕು ಮೂಲೆಯಲ್ಲಿ ರಬ್ಬರ್ ಕಾಲು ಕೊಟ್ಟು ಸ್ವಲ್ಪ ಎತ್ತಿ, ಇಲ್ಲದಿದ್ದರೆ ಬಿಸಿ ಕೆಳಗೆ ಸಿಕ್ಕಿಕೊಂಡು ಮೇಜು ಕಪ್ಪಾಗುತ್ತದೆ, ಗಾಜು ಸೀಳಲೂಬಹುದು. ಒಳಗೆ ಮ್ಯಾಟ್ ಇರುವ ಕಡೆ ಹಾಸು ತೆಳುವಾಗಿರಲಿ. ದಪ್ಪ ಹಾಸು ಬಿಸಿಯನ್ನು ಅಡಿಯಲ್ಲೇ ಹಿಡಿದಿಡುತ್ತದೆ. ಮೇಲೆ ಮುಟ್ಟಿದರೆ ತಣ್ಣಗೆ, ಹಾವು ಒಳಗೆ ಕೊರೆದುಕೊಂಡು ಹೋದರೆ ಸುಡುವ ಗಾಜು.

ಎರಡನೆಯದು ಸೆರಾಮಿಕ್ ಎಮಿಟರ್. ಬಲ್ಬಿನ ಆಕಾರ, ಬೆಳಕಿಲ್ಲ, ಮೇಲಿನಿಂದ ಬಿಸಿ. ರಾತ್ರಿಗೆ ಒಳ್ಳೆಯದು. ಆದರೆ ಇದರ ಮೈ 200 ಡಿಗ್ರಿ ದಾಟಬಹುದು. ಪ್ಲಾಸ್ಟಿಕ್ ಹೋಲ್ಡರ್ ಕರಗಿಹೋಗುತ್ತದೆ, ಪಿಂಗಾಣಿ ಹೋಲ್ಡರೇ ಬೇಕು. ಚಾಂದನಿ ಚೌಕದ ಭಗೀರಥ ಪ್ಯಾಲೆಸ್‌ನಂಥ ವಿದ್ಯುತ್ ಸಾಮಾನಿನ ಮಾರುಕಟ್ಟೆಯಲ್ಲಿ ಹುಡುಕಿದರೆ ಸಿಗುತ್ತದೆ. ಸುತ್ತಲೂ ತಂತಿಯ ಬಲೆ ಕಡ್ಡಾಯ, ಹಾವಿನ ತಲೆ ತೂರದಷ್ಟು ಸಣ್ಣ ಕಣ್ಣಿನದು. ಹಾವು ಬಿಸಿ ಬಲ್ಬಿಗೂ ಸುತ್ತಿಕೊಳ್ಳುತ್ತದೆ.

'ಹಾಟ್ ರಾಕ್' ಅಂತ ಕರೆಂಟಿನ ಕಲ್ಲು ಮಾರುತ್ತಾರೆ. ನಕ್ಕೋ. ಅಲ್ಲಲ್ಲಿ ವಿಪರೀತ ಬಿಸಿಯಾಗಿ ಹೊಟ್ಟೆ ಸುಡುತ್ತದೆ. ಸೊಂಟನೋವಿನ ಪ್ಯಾಡೂ ಬೇಡ, ಅದು ಮನುಷ್ಯರಿಗೆ ಅರ್ಧ ಗಂಟೆ ಬಳಸಲು ಮಾಡಿದ್ದು.

ವಿದೇಶಿ ವಿಡಿಯೋ ನೋಡಿ ಮಾಡುವವರು ಒಂದು ಮಾತು ಮರೆಯುತ್ತಾರೆ. ಅಲ್ಲಿನ ಮನೆ ಚಳಿಗಾಲದಲ್ಲೂ 20 ಡಿಗ್ರಿ ಬೆಚ್ಚಗಿರುತ್ತದೆ, ಮ್ಯಾಟ್ ಒಂದೇ ಸಾಕಾಗುತ್ತದೆ. ನಮ್ಮ ಫ್ಲ್ಯಾಟಿನ ಕೋಣೆ ರಾತ್ರಿ 12 ಡಿಗ್ರಿಗೆ ಇಳಿಯುತ್ತದೆ. ಮ್ಯಾಟ್ ನೆಲವನ್ನು ಬಿಸಿ ಮಾಡುತ್ತದೆಯೇ ಹೊರತು ಗಾಳಿಯನ್ನಲ್ಲ. ಹಾಗಾಗಿ ಇಲ್ಲಿ ಪೆಟ್ಟಿಗೆಯನ್ನು ಕಿಟಕಿಯಿಂದ, ಹೊರಗೋಡೆಯಿಂದ ದೂರ ಇಡಿ. ಹಿಂದೆ ಮತ್ತು ಎರಡು ಪಕ್ಕದಲ್ಲಿ ಹೊರಗಿನಿಂದ ಥರ್ಮಾಕೋಲ್ ನಿಲ್ಲಿಸಿ, ಆದರೆ ಹೀಟರಿಗೆ ತಾಗದಂತೆ, ಗಾಳಿಯ ಕಿಂಡಿ ಮುಚ್ಚದಂತೆ. ಅಷ್ಟಾದರೂ ತಂಪು ತುದಿ 24ಕ್ಕಿಂತ ಇಳಿದರೆ ಸೆರಾಮಿಕ್ ಎಮಿಟರ್ ಸೇರಿಸಿ.

ಹೀಟರಿಗಿಂತ ಮುಖ್ಯವಾದದ್ದು

ಇಷ್ಟು ಹೇಳಿದ್ದರಲ್ಲಿ ಒಂದೇ ಒಂದು ನೆನಪಿಡಿ ಅಂದರೆ ಇದು: ಥರ್ಮೋಸ್ಟಾಟ್ ಇಲ್ಲದೆ ಯಾವ ಹೀಟರನ್ನೂ ಪ್ಲಗ್ಗಿಗೆ ಹಾಕಬೇಡಿ. ಇಸ್ತ್ರಿ ಪೆಟ್ಟಿಗೆಯಲ್ಲಿ ಇರುವಂಥದ್ದೇ, ಬಿಸಿ ಸಾಕಾದಾಗ ಕರೆಂಟ್ ನಿಲ್ಲಿಸುವ ಸಾಧನ. ಅದರ ತಂತಿಯ ತುದಿಯಲ್ಲಿ ಪ್ರೋಬ್ ಅನ್ನುವ ಸಣ್ಣ ಗುಂಡಿ ಇರುತ್ತದೆ. ಅದೇ ಅದರ ಕೈ. ಅದು ಮುಟ್ಟಿದ ಜಾಗದ ಬಿಸಿ ಮಾತ್ರ ಅದಕ್ಕೆ ಗೊತ್ತು.

ಆದ್ದರಿಂದ ಪ್ರೋಬ್ ಎಲ್ಲಿದೆ ಅನ್ನುವುದು ಬಹಳ ಮುಖ್ಯ. ಮ್ಯಾಟ್ ಆದರೆ ಮ್ಯಾಟ್ ಮತ್ತು ಪೆಟ್ಟಿಗೆಯ ತಳದ ನಡುವೆ ಭದ್ರವಾಗಿ ಅಂಟಿಸಿ. ಒಳಗೆ ಸುಮ್ಮನೆ ಬಿಟ್ಟರೆ ಹಾವು ಅದನ್ನು ತಂಪು ಕಡೆಗೆ ತಳ್ಳುತ್ತದೆ, ಅಥವಾ ನೀರು ಚೆಲ್ಲಿ ಒದ್ದೆಯಾಗುತ್ತದೆ. ಆಗ ಥರ್ಮೋಸ್ಟಾಟ್ 'ಇನ್ನೂ ಥಂಡಿ ಇದೆ' ಅಂದುಕೊಂಡು ಹೀಟರನ್ನು ನಿಲ್ಲಿಸುವುದೇ ಇಲ್ಲ. ಸೆರಾಮಿಕ್ ಆದರೆ ಅದರ ಕೆಳಗೆ, ಹಾವಿನ ಬೆನ್ನಿನ ಎತ್ತರದಲ್ಲಿ ಪ್ರೋಬ್ ಕಟ್ಟಿ.

ಮೊಟ್ಟೆ ಮರಿ ಮಾಡುವ ಇನ್ಕ್ಯುಬೇಟರಿಗೆ ಅಂತ ಅಗ್ಗದ ಡಿಜಿಟಲ್ ಕಂಟ್ರೋಲರ್ ಸಿಗುತ್ತವೆ. ಮೇಲ್ಕವಚ ಇಲ್ಲದ ಬರೀ ಸರ್ಕ್ಯೂಟ್ ಹಲಗೆ ಕೊಳ್ಳಬೇಡಿ, ಮಕ್ಕಳ ಕೈ ತಾಗಿದರೆ ಶಾಕ್. ಥರ್ಮೋಸ್ಟಾಟ್ ಕೂಡ ಕೆಡುತ್ತದೆ, ಕೆಲವೊಮ್ಮೆ 'ಆನ್' ಆಗಿಯೇ ಅಂಟಿಕೊಳ್ಳುತ್ತದೆ. ಅದಕ್ಕೆ ಬೇಕಾದುದಕ್ಕಿಂತ ದೊಡ್ಡ ವ್ಯಾಟಿನ ಹೀಟರ್ ತರಬೇಡಿ. ಎರಡೂ ತುದಿಗೆ ಪ್ರತ್ಯೇಕ ಡಿಜಿಟಲ್ ಥರ್ಮಾಮೀಟರ್ ಇಟ್ಟು ಬೆಳಗ್ಗೆ, ಸಂಜೆ ನೋಡಿ ಬರೆಯಿರಿ. ಕೈಯಿಂದ ಮುಟ್ಟಿ ಅಂದಾಜು ಮಾಡಬೇಡಿ. 33 ಡಿಗ್ರಿ ನಮ್ಮ ಅಂಗೈಗೆ ಬಿಸಿ ಅನ್ನಿಸುವುದೇ ಇಲ್ಲ, ಯಾಕೆಂದರೆ ಅಂಗೈಯೇ ಹತ್ತಿರ ಹತ್ತಿರ ಅಷ್ಟಿರುತ್ತದೆ. ಎಲ್ಲ ಜೋಡಿಸಿದ ಮೇಲೆ ಎರಡು ದಿನ ಖಾಲಿ ಪೆಟ್ಟಿಗೆಯನ್ನೇ ಓಡಿಸಿ, ಲೆಕ್ಕ ನಿಂತ ಮೇಲೆ ಹಾವನ್ನು ಬಿಡಿ.

ಕರೆಂಟ್, ನೀರು, ಬೆಂಕಿ

ಪ್ಲಗ್ಗಿಗೆ ಬರುವ ವೈರು ಮೊದಲು ಕೆಳಗೆ ಬಾಗಿ ಆಮೇಲೆ ಮೇಲೆ ಹೋಗಲಿ. ನೀರು ಚೆಲ್ಲಿದರೆ ಆ ಬಾಗಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ. ಮನೆಯ ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಕರೆಂಟ್ ಸೋರಿದರೆ ಜೀವ ಉಳಿಸುವುದು ಅದೇ. ಗೀಸರ್, ರೂಮ್ ಹೀಟರ್ ಜೊತೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಬೇಡಿ. ಪರದೆ, ಪುಸ್ತಕ, ಬಟ್ಟೆ ಹತ್ತಿರ ಇರಬಾರದು.

ಎನ್‌ಸಿಆರ್‌ನಲ್ಲಿ ಮಾಲಿನ್ಯ ಹೆಚ್ಚಾದಾಗ ಡೀಸೆಲ್ ಜನರೇಟರಿಗೆ ನಿರ್ಬಂಧ ಬರುತ್ತದೆ, ಸೊಸೈಟಿಯ ಬ್ಯಾಕಪ್ ನಂಬಿ ಕೂರಬೇಡಿ. 20 ವ್ಯಾಟಿನ ಮ್ಯಾಟನ್ನು ಮನೆಯ ಇನ್ವರ್ಟರ್ ರಾತ್ರಿಯಿಡೀ ಎಳೆಯಬಲ್ಲದು. ಅದೂ ಇಲ್ಲದಿದ್ದರೆ ಪೆಟ್ಟಿಗೆಗೆ ಕಂಬಳಿ ಸುತ್ತಿ, ಗಾಳಿಗೆ ಸ್ವಲ್ಪ ಜಾಗ ಬಿಟ್ಟು, ಬಿಸಿನೀರಿನ ಬಾಟಲಿಯನ್ನು ದಪ್ಪ ಟವೆಲಿನಲ್ಲಿ ಸುತ್ತಿ ಹೊರಗಿನಿಂದ ಒತ್ತಿ ಇಡಿ. ಆ ವಾರ ಹಾವಿಗೆ ಊಟ ಕೊಡಬೇಡಿ. ಆರೋಗ್ಯವಂತ ದೊಡ್ಡ ಹಾವು ಒಂದು ವಾರ ಹಸಿದರೆ ಏನೂ ಆಗುವುದಿಲ್ಲ, ಚಳಿಯಲ್ಲಿ ಉಂಡರೆ ತೊಂದರೆ.

ಕೋಣೆಯೊಳಗೆ ಅಂಗೀಠಿ ಮಾತ್ರ ಎಂದೂ ಬೇಡ, ಹಾವಿಗಾಗಲಿ ನಿಮಗಾಗಲಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. 2024ರ ಜನವರಿಯಲ್ಲಿ ದೆಹಲಿಯ ಅಲಿಪುರ ಭಾಗದ ಒಂದು ಮನೆಯಲ್ಲಿ ನಾಲ್ವರು, ಇಂದ್ರಪುರಿಯಲ್ಲಿ ಇಬ್ಬರು ಹೀಗೆ ಮಲಗಿದವರು ಏಳಲೇ ಇಲ್ಲ.

ಮೇ ತಿಂಗಳು ಬಂದರೆ ಎಲ್ಲ ತಿರುವುಮುರುವು. ಹೊರಗೆ 45 ಡಿಗ್ರಿ ಇರುವಾಗ ಮ್ಯಾಟಿನ ಪ್ಲಗ್ ತೆಗೆದುಬಿಡಿ. ಕೋಣೆಯೇ 35 ದಾಟಿದರೆ ಹಾವಿಗೆ ಅಪಾಯ, ಆಗ ಬೇಕಾದದ್ದು ತಂಪು.

ಆ ಮನೆಯಲ್ಲಿ ಈಗ ಪೆಟ್ಟಿಗೆಯ ಪಕ್ಕ ಒಂದು ಹಳೆಯ ನೋಟ್‌ಬುಕ್ ತೂಗುಹಾಕಿದ್ದಾರೆ. ತಾರೀಖು, ಬಿಸಿ ತುದಿ, ತಂಪು ತುದಿ, ಊಟ, ಪೊರೆ. ಬರೆಯುವ ಜಿಮ್ಮೇದಾರಿ ಚಿಕ್ಕವನದು. ಗಾಯವಾದ ಮೇಲೆ ಹಾವು ಎರಡು ಸಲ ಪೊರೆ ಬಿಟ್ಟಿತು, ಹೊಟ್ಟೆಯ ಮೇಲೆ ಈಗ ಒಂದು ಮಾಸಿದ ಕಲೆ ಮಾತ್ರ ಉಳಿದಿದೆ. ಎರಡನೆಯ ಪೊರೆಯನ್ನು ಅವನು ಕಾಗದದಲ್ಲಿ ಸುತ್ತಿ ಕ್ಲಾಸಿಗೆ ತಂದಿದ್ದ. ಎಲ್ಲ ಮಕ್ಕಳೂ ಮುಟ್ಟಿ ನೋಡಿದರು. "ಮ್ಯಾಮ್, 32 ಇದೆ, ಇವತ್ತು ಬೆಳಗ್ಗೇನೂ ನೋಡಿದೆ" ಅಂದ, ನಾನು ಕೇಳುವ ಮೊದಲೇ.