ಒಂದು ರಾತ್ರಿಯ ತೇವ

ಮೊದಲ ಸಲ ಬಾಣಲೆಗೆ ಹಾಕಿದ ರಾಗಿ ಅರಳಲೇ ಇಲ್ಲ. ಚಟಪಟ ಸದ್ದು ಬಂತು, ಸೀದ ವಾಸನೆಯೂ ಬಂತು, ಕಾಳು ಮಾತ್ರ ಕಾಳಾಗಿಯೇ ಕೂತಿತ್ತು. ತುಮಕೂರು ಕಡೆಯವರಾದ ಪಕ್ಕದ ಮನೆಯ ಹಿರಿಯರು ಇಣುಕಿ ನೋಡಿ, "ಅದು ನೀರು ಕುಡ್ದಿಲ್ಲ ಕಣವ್ವ. ಸಂಜೇಗೇ ಮಜ್ಜಿಗೆ ಚಿಮುಕಿಸಿ ಕಟ್ಟಿಡಬೇಕಿತ್ತು" ಅಂದರು. ನಾನು ಕೊಟ್ಟದ್ದು ಅರ್ಧ ಗಂಟೆ. ಹುರಿಹಿಟ್ಟಿಗೆ ಬೇಕಿದ್ದದ್ದು ಒಂದು ರಾತ್ರಿ.

ಹುರಿಹಿಟ್ಟು ಎಂದರೆ ರಾಗಿಯನ್ನು ಬರೀ ಹುರಿದು ಬೀಸಿದ್ದಲ್ಲ, ಅರಳಿಸಿ ಬೀಸಿದ್ದು. ಕಾಳಿನಲ್ಲಿ ಶೇ 18ರಿಂದ 20ರಷ್ಟು ನೀರಿರಬೇಕು. ಅದು ಮೈಮೇಲಲ್ಲ, ಹೊಟ್ಟೆಯೊಳಗೆ. ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿಟ್ಟಾಗ ತೇವ ನಿಧಾನವಾಗಿ ನಡುವಿನವರೆಗೆ ಇಳಿಯುತ್ತದೆ. ಬೆಳಿಗ್ಗೆ ಮುಟ್ಟಿದರೆ ಕೈಗೆ ಒಣಗಿದಂತೆಯೇ ಇರುತ್ತದೆ. ಸುಮಾರು 230ರಿಂದ 250 ಡಿಗ್ರಿ ಸೆಲ್ಸಿಯಸ್ ಕಾವಿಗೆ ಬಿದ್ದ ಕೂಡಲೇ ಒಳಗಿನ ನೀರು ಆವಿಯಾಗಿ, ಸಿಪ್ಪೆಯನ್ನು ದಾಟಲಾರದೆ ಒತ್ತಿ, ಕೊನೆಗೆ ಸಿಡಿಯುತ್ತದೆ. ಹಿಟ್ಟಿನಂಶ ಆ ಕ್ಷಣದಲ್ಲೇ ಬೆಂದು ಉಬ್ಬುತ್ತದೆ. ತೇವ ಕಡಿಮೆಯಾದರೆ ಸೀಯುತ್ತದೆ, ಹೆಚ್ಚಾದರೆ ಮುದ್ದೆಗಟ್ಟುತ್ತದೆ. ಬಾಣಲೆ ಚೆನ್ನಾಗಿ ಕಾದಿರಬೇಕು, ಒಂದು ಸಲಕ್ಕೆ ಒಂದೇ ಹಿಡಿ ಹಾಕಬೇಕು, ಬಟ್ಟೆಯ ಉಂಡೆಯಿಂದ ಬಿಡದೆ ತಿರುವಬೇಕು. ಭಟ್ಟಿಯವರು ಕಾದ ಮರಳಿನಲ್ಲಿ ಇದನ್ನೇ ಎಷ್ಟು ಸಲೀಸಾಗಿ ಮಾಡುತ್ತಾರೆಂದರೆ, ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮುಂದೆ ನಿಂತವರಿಗೆ ಅದೊಂದು ಕಸುಬು ಅಂತಲೇ ಅನ್ನಿಸುವುದಿಲ್ಲ.

ಡಬ್ಬಿಯಲ್ಲಿ ಬರುವ ಬೆಳಗಿನ ಸೀರಿಯಲ್‌ನ ಹುಟ್ಟನ್ನು ಹುಡುಕಿಕೊಂಡು ಹೋದರೂ ಇದೇ ತೇವ ಎದುರಾಗುತ್ತದೆ. 1863ರಲ್ಲಿ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್‌ನಲ್ಲಿ ಆರೋಗ್ಯಧಾಮ ನಡೆಸುತ್ತಿದ್ದ ಜೇಮ್ಸ್ ಕೇಲೆಬ್ ಜಾಕ್ಸನ್, ತೌಡು ತೆಗೆಯದ ಗೋಧಿ ಹಿಟ್ಟನ್ನು ಕಲಸಿ, ಬೇಯಿಸಿ, ಒಡೆದು, ಮತ್ತೆ ಬೇಯಿಸಿ 'ಗ್ರಾನ್ಯುಲಾ' ಎಂಬ ತಿನಿಸು ಮಾಡಿದ. ಹಲ್ಲಿಗೆ ಕಲ್ಲಿನಂತಿದ್ದ ಅದನ್ನು ಹಿಂದಿನ ರಾತ್ರಿಯೇ ಹಾಲಿನಲ್ಲಿ ನೆನೆಹಾಕಬೇಕಿತ್ತು. ಬೆಂಕಿಗಿಂತ ಮೊದಲು ಸಿಗದ ರಾತ್ರಿ ಆಮೇಲೆ ಸಿಕ್ಕಿತು ಅನ್ನಿ.

ಮೂರು ದಶಕಗಳ ನಂತರ, 1894ರಲ್ಲಿ, ಮಿಚಿಗನ್‌ನ ಬ್ಯಾಟಲ್ ಕ್ರೀಕ್‌ನ ಆರೋಗ್ಯಧಾಮದಲ್ಲಿ ಕೆಲ್ಲಾಗ್ ಸೋದರರು ಬೇಯಿಸಿಟ್ಟ ಗೋಧಿ ಮರೆತ ಪದಾರ್ಥದಂತೆ ಹಾಗೇ ಉಳಿಯಿತು. ಎಸೆಯಲು ಮನಸ್ಸಾಗದೆ ಅದನ್ನೇ ಉರುಳೆಗಳ ನಡುವೆ ಹಾಯಿಸಿದರೆ ಹಾಳೆಯಾಗಿ ಬರಲಿಲ್ಲ. ಒಂದೊಂದು ಕಾಳೂ ಒಂದೊಂದು ತೆಳು ಎಸಳಾಗಿ ಉದುರಿತು. ತೇವ ಕಾಳಿನ ಉದ್ದಗಲಕ್ಕೂ ಸಮನಾಗಿ ಹರಡಿಕೊಂಡಿತ್ತು, ಅಷ್ಟೇ. ಮುಂದೆ 1906ರಲ್ಲಿ ತಮ್ಮ ಬೇರೆ ಕಂಪನಿ ಕಟ್ಟಿದ. ಕಾರ್ನ್ ಫ್ಲೇಕ್ಸ್‌ಗೆ ಸಕ್ಕರೆ ಬೆರೆಸಿದ್ದು ಅಣ್ಣನಿಗೆ ಕೊನೆಗೂ ಒಪ್ಪಿಗೆಯಾಗಲಿಲ್ಲ. ಈ ಜಗಳದಲ್ಲಿ ನಾನು ಅಣ್ಣನ ಕಡೆ.

ನಮ್ಮ ರಾಗಿಗೆ ಇನ್ನೊಂದು ಅನುಕೂಲವಿದೆ. ಅದರ ಸಿಪ್ಪೆ ತಿರುಳಿಗೆ ಎಷ್ಟು ಬಿಗಿಯಾಗಿ ಅಂಟಿಕೊಂಡಿದೆಯೆಂದರೆ, ಅಕ್ಕಿಯಂತೆ ಪಾಲಿಶ್ ಮಾಡಹೊರಟರೆ ಕಾಳೇ ಪುಡಿಯಾಗುತ್ತದೆ. ಹಾಗಾಗಿ ರಾಗಿ ಯಾವ ಕಾಲಕ್ಕೂ ಇಡೀ ಧಾನ್ಯವೇ. 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಹೆಚ್ಚಿರುವ ಕ್ಯಾಲ್ಸಿಯಂ ಹೊಟ್ಟಿನ ಜೊತೆ ಹೊರಟುಹೋಗದಿರುವುದೂ ಅದರಿಂದಲೇ. ಹುಳು ಬೀಳದೆ ವರ್ಷಗಟ್ಟಲೆ ಉಳಿಯುವ ಅದರ ಗುಣವನ್ನೇ ಕನಕದಾಸರು 'ರಾಮಧಾನ್ಯ ಚರಿತೆ'ಯ ತಿರುವಾಗಿಸಿದ್ದು: ಭತ್ತವನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಟ್ಟ ಮೇಲೆ ಗಟ್ಟಿಯಾಗಿ ಹೊರಬಂದದ್ದು ರಾಗಿ.

ಅಂಗಡಿಯ ರಾಗಿ ಮಾಲ್ಟನ್ನೂ ಹುರಿಹಿಟ್ಟನ್ನೂ ಒಂದೇ ಎಂದುಕೊಳ್ಳುವವರು ಬಹಳ. ಮಾಲ್ಟ್ ಮೊಳಕೆ ಬರಿಸಿದ ರಾಗಿಯದು. ಅದನ್ನು ಕಾಯಿಸಿ ಕುಡಿಯಬೇಕು. ಹುರಿಹಿಟ್ಟಿಗೆ ಒಲೆಯ ಹಂಗಿಲ್ಲ. ಹೊಲದ ಬದುವಿನಲ್ಲಿ ಕೂತು ಮಜ್ಜಿಗೆ, ಉಪ್ಪು ಹಾಕಿ ಕಲಸಿದರೂ ಆಯಿತು; ಮನೆಯಲ್ಲಿ ಹಾಲು, ಬೆಲ್ಲ, ಕಾಯಿತುರಿ, ಚಿಟಿಕೆ ಏಲಕ್ಕಿ ಸೇರಿದರೂ ಆಯಿತು. ಕಾರ್ನ್ ಫ್ಲೇಕ್ಸ್‌ಗೆ ಬಿಸಿ ಹಾಲು ಸುರಿದು ಮೆತ್ತಗಾಯಿತೆಂದು ಬೇಸರಪಟ್ಟವರಿಗೆ ಹೇಳಿ ಮಾಡಿಸಿದ್ದು ಇದು. ಮೆತ್ತಗಾಗುವುದೇ ಇದರ ಕೆಲಸ. ಗರಿಗರಿ ಬೇಕಾದವರು ಅರಳನ್ನು ಬೀಸದೆ ಹಾಗೆಯೇ ತಣ್ಣನೆ ಹಾಲಿಗೆ ಹಾಕಿಕೊಳ್ಳಬಹುದು. ಆದರೆ ಬಟ್ಟಲನ್ನು ಎದುರಿಗಿಟ್ಟುಕೊಂಡು ಫೋನ್ ನೋಡುವಂತಿಲ್ಲ.

ಎರಡನೇ ಸಲ ಶುಕ್ರವಾರ ಸಂಜೆಯೇ ಮಜ್ಜಿಗೆ ಚಿಮುಕಿಸಿ ಕಟ್ಟಿಟ್ಟೆ. ಬೆಳಿಗ್ಗೆ ಬಾಣಲೆಯ ತುಂಬ ಪುಟ್ಟ ಬಿಳಿ ಹೂಗಳು. ಅರಳದ ಕಾಳನ್ನು ಜರಡಿಯಲ್ಲಿ ಇಳಿಸಿ, ಡಬ್ಬಿ ಹಿಡಿದು ಮಿಲ್ಲಿಗೆ ಹೋದೆ. ನನಗಿಂತ ಮುಂದಿದ್ದವರ ಕೈಯಲ್ಲಿ ಎರಡು ಕೆಜಿ ಬ್ಯಾಡಗಿ ಮೆಣಸಿನಕಾಯಿ. ಮಿಲ್ಲಿನವನು ನನ್ನ ಮುಖ ನೋಡಿ, "ನಾಳೆ ಬೆಳಿಗ್ಗೆ ಮೊದಲು ಬನ್ನಿ ಅಕ್ಕ" ಅಂದ. ಇನ್ನೊಂದು ರಾತ್ರಿ.