ಸಿಂಬಲ್ ಸಡಿಲವಿರಲಿ, ನಟ್ ಭದ್ರವಿರಲಿ

ರಾಕ್ ಬ್ಯಾಂಡಿನ ಡ್ರಮ್ಮರ್ ಸುತ್ತ ಜೋಡಿಸಿರುವ ಸಿಂಬಲ್‌ಗಳನ್ನು ಗಮನವಿಟ್ಟು ನೋಡಿ. ಮಿಕ್ಕೆಲ್ಲವೂ ಬೋರಲಾಗಿ ಕೂತಿದ್ದರೆ ಒಂದು ಮಾತ್ರ ಅಂಗಾತ ಇರುತ್ತದೆ. ಅದು ಬಹುತೇಕ ಚೈನಾ ಸಿಂಬಲ್. ಸುತ್ತಲೂ ಮೇಲಕ್ಕೆ ಬಾಗಿರುವ ಅಂಚೇ ಅದರ ಗುರುತು. ಅದನ್ನು ಬೋರಲಾಗಿ ಹಾಕಿದರೆ ಸ್ಟಿಕ್ಕಿನ ಏಟು ನೇರವಾಗಿ ಆ ಅಂಚಿನ ಮೇಲೆಯೇ ಬೀಳುತ್ತದೆ. ಸ್ಟಿಕ್ ಸೀಳುತ್ತದೆ, ಅಂಚೂ ನಜ್ಜಾಗುತ್ತದೆ. ಅಂಗಾತ ಹಾಕಿದರೆ ಅಂಚು ಕೆಳಕ್ಕೆ ತಿರುಗಿ, ಬಾಗಿದ ನುಣುಪು ಭಾಗ ಸ್ಟಿಕ್ಕಿಗೆ ಸಿಗುತ್ತದೆ. ಥಟ್ಟನೆ ಎದ್ದು ಥಟ್ಟನೆ ಆರುವ ಆ ಒರಟು ಸದ್ದು ಹೊರಡುವುದು ಆಗಲೇ.

ಅಮೆರಿಕದ ಡ್ರಮ್ಮರ್‌ಗಳ ಕೈಗೆ ಚೀನಾದ ಸಿಂಬಲ್ ಬಂದದ್ದು 20ನೇ ಶತಮಾನದ ಆರಂಭದಲ್ಲಿ. ಜಾಝ್ ಬಿಗ್ ಬ್ಯಾಂಡ್‌ಗಳಲ್ಲಿ ಮೆಲ್ ಲೂಯಿಸ್ ಅದರ ಸದ್ದನ್ನೇ ತಮ್ಮ ಗುರುತು ಮಾಡಿಕೊಂಡರು. ‘ರಶ್’ ತಂಡದ ನೀಲ್ ಪಿಯರ್ಟ್ ಚೀನಾದ ವೂಹಾನ್‌ ಸಿಂಬಲ್‌ಗಳನ್ನು ದೊಡ್ಡ ದೊಡ್ಡ ರಂಗಮಂಚಗಳಿಗೆ ಒಯ್ದರು. ಈ ನಡುವೆ ಡ್ರಮ್ ಕಿಟ್‌ನ ಅಸ್ಥಿಪಂಜರವೇ ಬದಲಾಯಿತು. 1980ರ ದಶಕದ ಆರಂಭದಲ್ಲಿ ‘ಟೊಟೊ’ ತಂಡದ ಜೆಫ್ ಪೊರ್ಕಾರೊ ಅವರ ಒತ್ತಾಸೆಯಿಂದ ಪರ್ಲ್ ಕಂಪನಿ ಡ್ರಮ್ ರ‍್ಯಾಕ್ ಅನ್ನು ಮಾರುಕಟ್ಟೆಗೆ ತಂದಿತು. ಪ್ರತಿ ಸಿಂಬಲ್‌ಗೂ ಮೂರು ಕಾಲಿನ ಒಂದೊಂದು ಸ್ಟ್ಯಾಂಡ್ ಇಡುವ ಬದಲು, ಡ್ರಮ್ಮರ್ ಸುತ್ತ ಒಂದೇ ಲೋಹದ ಚೌಕಟ್ಟು. ಅದಕ್ಕೆ ಕ್ಲಾಂಪ್ ಹಾಕಿ ಎಲ್ಲಿ ಬೇಕೋ ಅಲ್ಲಿ ಒಂದು ತೋಳು. ಡ್ರಮ್ಮರ್ ಟೆರ್ರಿ ಬೋಜಿಯೊ ಅವರಂಥವರ ಕಿಟ್‌ಗಳು ಪುಟ್ಟ ಕೋಟೆಯಷ್ಟು ಬೆಳೆದದ್ದು ಇಂಥ ಚೌಕಟ್ಟಿನ ಬಲದಿಂದಲೇ. ಮೇಲೆ ಜಾಗ ಮುಗಿದಾಗ ಸಿಂಬಲ್‌ಗಳು ಕೆಳಮುಖವಾಗಿ ನೇತಾಡತೊಡಗಿದವು.

ಹಾಗಾಗಿ ‘ತಲೆಕೆಳಗಾಗಿ ಹಾಕುವುದು’ ಎಂದರೆ ಎರಡು ಬೇರೆ ಬೇರೆ ಕೆಲಸ. ಒಂದರಲ್ಲಿ ಸಿಂಬಲ್ ಏರಿಸುವ ರಾಡ್ ನೆಟ್ಟಗಿರುತ್ತದೆ, ಸಿಂಬಲ್ ಮಾತ್ರ ಅಂಗಾತ. ಇನ್ನೊಂದರಲ್ಲಿ ರಾಡೇ ಕೆಳಮುಖ. ಸಿಂಬಲ್ ಅದರ ತುದಿಗೆ ನೇತಾಡುತ್ತದೆ. ಎರಡರ ಅಪಾಯವೂ ಬೇರೆ, ಉಪಾಯವೂ ಬೇರೆ. ಈ ವ್ಯತ್ಯಾಸ ಗಮನಿಸದೆ, ಸಿಂಬಲ್ ಅನ್ನು ರಾಡಿಗೆ ಹಿಡಿದಿಡುವ ರೆಕ್ಕೆಯ ವಿಂಗ್ ನಟ್ ತಿರುಗಿಸುತ್ತಾ ಹೋಗುವುದರಿಂದಲೇ ಎಷ್ಟೋ ಸಿಂಬಲ್‌ಗಳು ಹಾಳಾಗುತ್ತವೆ.

ಮೊದಲು ಅಂಗಾತ ಸಿಂಬಲ್‌ನ ವಿಚಾರ. ಬೋರಲು ಸಿಂಬಲ್ ಬಿಚ್ಚಿದ ಕೊಡೆಯ ಹಾಗೆ: ನಡುವಿನ ಉಬ್ಬು ಆಧಾರದ ಮೇಲೆ ಕೂತು, ಭಾರವೆಲ್ಲ ಅದಕ್ಕಿಂತ ಕೆಳಗೆ ಇಳಿಬಿದ್ದಿರುತ್ತದೆ. ಹೊಡೆದಾಗ ತೂಗಿ, ತಾನಾಗಿಯೇ ಮೊದಲಿನ ಜಾಗಕ್ಕೆ ಮರಳುತ್ತದೆ. ಅಂಗಾತ ಮಾಡಿದಾಗ ಭಾರವೆಲ್ಲ ಆಧಾರಕ್ಕಿಂತ ಮೇಲೇರುತ್ತದೆ. ಉಬ್ಬಿನ ದುಂಡು ಬೆನ್ನು ಸಣ್ಣ ಫೆಲ್ಟ್ ಬಿಲ್ಲೆಯೊಂದರ ಮೇಲೆ ಓಲಾಡುತ್ತದೆ. ಒಂದು ಏಟು ಬಿದ್ದರೆ ಪಕ್ಕಕ್ಕೆ ವಾಲಿ ಅಲ್ಲೇ ನಿಲ್ಲುತ್ತದೆ. ಆಗ ಯಾರಿಗಾದರೂ ತೋಚುವುದು ನಟ್ ಇನ್ನಷ್ಟು ಬಿಗಿಯೋಣ ಎಂದೇ.

ಅಲ್ಲೇ ತಪ್ಪುವುದು. ಒಳ್ಳೆಯ ಸಿಂಬಲ್‌ಗಳ ಕಂಚಿನಲ್ಲಿ ಸುಮಾರು 80 ಪಾಲು ತಾಮ್ರ, 20 ಪಾಲು ತವರ. ತವರ ಅಷ್ಟಿರುವುದರಿಂದಲೇ ಅದಕ್ಕೆ ಆ ನಾದ. ಅಷ್ಟಿರುವುದರಿಂದಲೇ ಅದು ಬಾಗುವ ಬದಲು ಬಿರಿಯುವ ಲೋಹ. ಏಟಿನ ಶಕ್ತಿ ತೂಗಾಟದಲ್ಲಿ ಕರಗಬೇಕು. ನಟ್ ಬಿಗಿದು ತೂಗಾಟ ತಡೆದರೆ ಆ ಶಕ್ತಿಯೆಲ್ಲ ಲೋಹದೊಳಗೇ ಉಳಿದು, ಅಂಚಿನಲ್ಲೋ ಉಬ್ಬಿನ ಬುಡದಲ್ಲೋ ಕೂದಲೆಳೆಯ ಬಿರುಕಾಗಿ ಹೊರಬರುತ್ತದೆ. ನಾದವಂತೂ ಅದಕ್ಕೂ ಮೊದಲೇ ಸಾಯುತ್ತದೆ. ನಮ್ಮ ಭಜನೆಯ ತಾಳಗಳನ್ನೂ ದೇವಸ್ಥಾನದ ಜಾಗಟೆಯನ್ನೂ ದಾರದಲ್ಲಿ ಹಿಡಿಯುವುದು ಸುಮ್ಮನೆ ಅಲ್ಲ. ಅಂಗೈ ತಾಗಿದ ಕಂಚು ಮಾತಾಡುವುದಿಲ್ಲ.

ಅಂಗಾತ ಸಿಂಬಲ್‌ಗೆ ಬೇಕಾದದ್ದು ಬಿಗಿತವಲ್ಲ, ಅಗಲವಾದ ತಳ. ಕೆಳಗಿನ ತೆಳು ಫೆಲ್ಟ್ ತೆಗೆದು ದಪ್ಪನೆಯ, ಅಗಲವಾದ ಫೆಲ್ಟ್ ಹಾಕಿ. ಅದರಡಿಯ ಲೋಹದ ವಾಷರ್ ಕೂಡ ಅಷ್ಟೇ ಅಗಲವಿರಲಿ. ಸಿಂಬಲ್‌ನ ಓರೆಯನ್ನು ಆದಷ್ಟು ಕಡಿಮೆ ಮಾಡಿ. ಓರೆ ಹೆಚ್ಚಿದಷ್ಟೂ ಅದು ವಾಲುವ ಕಡೆಗೇ ಎಳೆಯುತ್ತದೆ. ಮೇಲಿನ ಫೆಲ್ಟ್ ತುಸು ಅಮುಕುವಷ್ಟು ಮಾತ್ರ ನಟ್ ತಿರುಗಿಸಿ ನಿಲ್ಲಿಸಿ. ಅಂಚನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಸಿಂಬಲ್ ಎರಡು ಸಲ ತೂಗಿ ಸಮಕ್ಕೆ ಬರಬೇಕು. ಬರದಿದ್ದರೆ ಫೆಲ್ಟ್ ಬದಲಿಸಿ, ನಟ್ ಮುಟ್ಟಬೇಡಿ.

ಹೆಚ್ಚಿನವರ ಕಣ್ಣಿಗೆ ಬೀಳದ ಇನ್ನೊಂದು ಸಂಗತಿ ಇದೆ. ಅಂಗಾತ ಸಿಂಬಲ್‌ನಲ್ಲಿ ವಿಂಗ್ ನಟ್ ಉಬ್ಬಿನ ಒಳಗಿನ ಕುಳಿಯಲ್ಲಿ ಕೂರುತ್ತದೆ. ಕುಳಿ ಕಿರಿದು, ನಟ್‌ನ ರೆಕ್ಕೆಗಳು ಅಗಲ. ಸಿಂಬಲ್ ತೂಗಿದಾಗಲೆಲ್ಲ ರೆಕ್ಕೆಯ ತುದಿ ಒಳಗೋಡೆಗೆ ಟಣ್ ಎಂದು ಬಡಿಯುತ್ತದೆ. ಅಂಥ ಸಿಂಬಲ್ ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಕುಳಿಯ ಸುತ್ತ ಉಗುರಿನಿಂದ ಗೀರಿದಂಥ ಗುರುತುಗಳು ಕಾಣುತ್ತವೆ. ಇದನ್ನು ತಪ್ಪಿಸಲು ಮೇಲಿನ ಫೆಲ್ಟ್ ದಪ್ಪವಿದ್ದು ನಟ್ ಕುಳಿಯಿಂದ ಮೇಲೆ ನಿಲ್ಲಬೇಕು. ಇಲ್ಲವೇ ರೆಕ್ಕೆಯಿಲ್ಲದ ದುಂಡು ನಟ್ ಬಳಸಬೇಕು.

ಅದೇ ಬೆಳಕಿನಲ್ಲಿ ನಡುವಿನ ತೂತನ್ನೂ ನೋಡಿ. ತೂತು ಸುಮಾರು 12 ಮಿಲಿಮೀಟರ್, ರಾಡ್ ಸಾಮಾನ್ಯವಾಗಿ 8 ಮಿಲಿಮೀಟರ್. ನಡುವಿನ ಸಂದನ್ನು ತುಂಬುವುದು ಪ್ಲಾಸ್ಟಿಕ್ ಅಥವಾ ನೈಲಾನಿನ ಒಂದು ಚಿಕ್ಕ ಸ್ಲೀವ್. ಅದು ಸವೆದೋ ಕಳೆದೋ ಹೋಗಿದ್ದರೆ ರಾಡಿನ ಥ್ರೆಡ್ ಗರಗಸದಂತೆ ಕಂಚನ್ನು ಕೊರೆಯುತ್ತದೆ. ದುಂಡಗಿದ್ದ ತೂತು ಒಂದು ಕಡೆಗೆ ಎಳೆದುಕೊಂಡು ಬೀಗದ ಕೈ ತೂತಿನ ಆಕಾರ ತಾಳುತ್ತದೆ. ಅಲ್ಲಿಂದ ಬಿರುಕು ಶುರುವಾಗಲು ಹೆಚ್ಚು ಕಾಲ ಬೇಡ. ಸಾವಿರಾರು ರೂಪಾಯಿಯ ಸಿಂಬಲ್ ಅನ್ನು ಕಾಯುವುದು ಚಿಲ್ಲರೆ ಕಾಸಿನ ಸ್ಲೀವ್. ಅದಿಲ್ಲದ ರಾಡಿಗೆ ಸಿಂಬಲ್ ಏರಿಸಲೇಬಾರದು.

ಇನ್ನು ಕೆಳಮುಖ ರಾಡ್. ಇಲ್ಲಿ ಸಿಂಬಲ್ ಬೋರಲಾಗಿಯೇ ಇದ್ದರೆ ತೂಗಾಟದ ತೊಂದರೆ ಇಲ್ಲ, ಭಾರ ಕೆಳಗೇ ಇರುತ್ತದೆ. ಆದರೆ ಇಡೀ ಸಿಂಬಲ್ ಕೂತಿರುವುದು ನಟ್‌ನ ಮೇಲೆ. ನೆಟ್ಟಗಿನ ರಾಡಿನಲ್ಲಿ ನಟ್ ಬಿಚ್ಚಿ ಹಾರಿಹೋದರೂ ಸಿಂಬಲ್ ಒಂದೆರಡು ಹಾಡಿನವರೆಗೆ ಅಲ್ಲೇ ಇರುತ್ತದೆ. ಕೆಳಮುಖ ರಾಡಿನಲ್ಲಿ ನಟ್ ಹೋದ ಕ್ಷಣವೇ ಒಂದೂವರೆ, ಎರಡು ಕಿಲೋ ಕಂಚು ಕೆಳಗಿನ ಡ್ರಮ್ಮಿನ ಮೇಲೋ ಡ್ರಮ್ಮರ್ ಮೊಣಕಾಲಿನ ಮೇಲೋ ಬೀಳುತ್ತದೆ. ನಟ್ ಸಡಿಲವಾಗುವುದೂ ಖಂಡಿತ. ಪ್ರತಿ ಏಟಿಗೂ ಸಿಂಬಲ್ ಅಷ್ಟಿಷ್ಟು ತಿರುಗುತ್ತದೆ, ಫೆಲ್ಟ್ ಅದರೊಂದಿಗೆ ತಿರುಗುತ್ತದೆ, ಫೆಲ್ಟ್ ನಟ್ ಅನ್ನೂ ಎಳೆಯುತ್ತದೆ. ಮೇಲೆ ಕಂಪನ ಬೇರೆ.

ಆದ್ದರಿಂದ ಕೆಳಮುಖ ರಾಡಿಗೆ ಬರೀ ವಿಂಗ್ ನಟ್ ನಂಬಿ ಸಿಂಬಲ್ ತೂಗುಹಾಕುವುದನ್ನು ನಾನು ಒಪ್ಪುವುದಿಲ್ಲ. ಗ್ಯಾರೇಜ್‌ನವರು ಮಾಡುವಂತೆ ಚೆಕ್ ನಟ್ ಹಾಕಿ: ಸಿಂಬಲ್ ಸಡಿಲವಾಗಿ ತೂಗುವ ಜಾಗದಲ್ಲಿ ಒಂದು ನಟ್ ನಿಲ್ಲಿಸಿ, ಅದನ್ನು ಹಿಡಿದುಕೊಂಡು ಎರಡನೆಯದನ್ನು ಅದಕ್ಕೆ ಒತ್ತುವಂತೆ ಬಲವಾಗಿ ಬಿಗಿಯಿರಿ. ಆಗ ಎರಡು ನಟ್‌ಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಸಿಂಬಲ್ ಸ್ವತಂತ್ರವಾಗಿಯೇ ಉಳಿಯುತ್ತದೆ. ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಇನ್ನೂ ಮೇಲು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿರಲಿ, ನಿಮ್ಮೂರಿನ ಹಾರ್ಡ್‌ವೇರ್ ಅಂಗಡಿಯಿರಲಿ, ಎಲ್ಲಿ ಬೇಕಾದರೂ ಸಿಗುತ್ತದೆ. ಕೆಲವು ರಾಡ್‌ಗಳು 6 ಮಿಲಿಮೀಟರಿನವು. ಅಂಗಡಿಗೆ ಹೋಗುವಾಗ ಹಳೆಯ ನಟ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ನಟ್ ಮತ್ತು ಫೆಲ್ಟ್ ನಡುವೆ ಲೋಹದ ವಾಷರ್ ಇರಲೇಬೇಕು. ಅದಿಲ್ಲದಿದ್ದರೆ ಫೆಲ್ಟ್ ಹರಿದು ನಟ್ ಒಳಗಿಳಿಯುತ್ತದೆ.

ಕೆಳಮುಖ ರಾಡಿನಲ್ಲಿ ಸಿಂಬಲ್ ಅನ್ನೂ ಅಂಗಾತ ಮಾಡುವವರಿದ್ದಾರೆ. ಎರಡೂ ಅಪಾಯಗಳು ಒಟ್ಟಿಗೆ ಬರುವ ಜೋಡಣೆ ಅದು. ಬೇಡ.

ಸಾಮಾನ್ಯ ಕ್ರ್ಯಾಶ್ ಸಿಂಬಲ್ ಅನ್ನು ಅಂಗಾತ ಹಾಕುವುದೂ ಬೇಡ. ಚೈನಾದ ಅಂಚು ಮಗುಚಿದಾಗ ಕೆಳಗೆ ತಿರುಗುತ್ತದೆ; ಕ್ರ್ಯಾಶ್‌ನ ತೆಳು ಅಂಚು ಮೇಲೆದ್ದು ಕತ್ತಿಯಾಗುತ್ತದೆ. ಸ್ಟಿಕ್ ಕತ್ತರಿಸುವುದು ಹಾಗಿರಲಿ, ಕಿಟ್ ಜೋಡಿಸುವಾಗ ಬಗ್ಗಿದವರ ಕಣ್ಣು, ಪಕ್ಕದಲ್ಲಿ ಹಾಯುವ ಗಾಯಕರ ಕೈ ಎಲ್ಲಕ್ಕೂ ಅದು ಅಪಾಯ.

ತೋಳು ಎಷ್ಟು ಉದ್ದ ಚಾಚಿದೆ ಎನ್ನುವುದೂ ಮುಖ್ಯ. ಉದ್ದ ಹೆಚ್ಚಿದಷ್ಟೂ ಕ್ಲಾಂಪ್ ಮೇಲಿನ ತಿರುಚು ಹೆಚ್ಚುತ್ತದೆ. ಭಾರದ ಸಿಂಬಲ್ ರ‍್ಯಾಕಿನ ಕಾಲಿನ ಹತ್ತಿರವೇ ಇರಲಿ, ನಡು ಅಡ್ಡಪಟ್ಟಿಗೆ ಹಗುರವಾದದ್ದು ಸಾಕು. ತಲೆಯ ಮೇಲೆ ಬರುವ ತೋಳಿದ್ದರೆ ಅದನ್ನು ರ‍್ಯಾಕಿನ ಕೊಳವೆಗೆ ಗಟ್ಟಿ ಹಗ್ಗದಿಂದಲೋ ತಂತಿಯಿಂದಲೋ ಹೆಚ್ಚುವರಿಯಾಗಿ ಕಟ್ಟಿ. ವೇದಿಕೆಯ ದೀಪಗಳಿಗೆ ಈ ಎರಡನೆಯ ಕಟ್ಟು ಹಾಕುವುದು ರೂಢಿ. ಗಣೇಶೋತ್ಸವದ ಹಲಗೆ ವೇದಿಕೆಯ ಮೇಲೆ ಇದು ಇನ್ನೂ ಅಗತ್ಯ. ಕುಣಿಯುವವರ ಒಂದೊಂದು ಹೆಜ್ಜೆಗೂ ಆ ಹಲಗೆ ನಡುಗುತ್ತದೆ, ಬಾಡಿಗೆ ಕಿಟ್‌ನ ಥ್ರೆಡ್‌ಗಳು ಮೊದಲೇ ಸವೆದಿರುತ್ತವೆ, ಜೋಡಿಸಲು ಸಿಗುವುದು ಅರ್ಧ ತಾಸು.

ಆರ್ಕೆಸ್ಟ್ರಾ ನಡೆಸುವವರಿಗೆ, ಚರ್ಚಿನ ಗಾಯನ ತಂಡಗಳಿಗೆ, ಮಕ್ಕಳಿಗೆ ಡ್ರಮ್ಸ್ ಕಲಿಸುವವರಿಗೆ ಒಂದು ವಿನಂತಿ. ಒಂದು ಚಿಕ್ಕ ಡಬ್ಬಿಯಲ್ಲಿ ನಾಲ್ಕು ಸ್ಲೀವ್, ಆರು ಫೆಲ್ಟ್, ಕೆಲವು ವಾಷರ್, ನಾಲ್ಕು ನೈಲಾಕ್ ನಟ್, ಒಂದು ಸ್ಪ್ಯಾನರ್ ಹಾಕಿ ಕಿಟ್ ಜೊತೆಗೇ ಇಡಿ. ಕಾರ್ಯಕ್ರಮಕ್ಕೆ ಮುನ್ನ ಪ್ರತಿ ಸಿಂಬಲ್‌ನ ನಟ್ ಅನ್ನು ಕೈಯಿಂದ ಮುಟ್ಟಿ ನೋಡಿ, ವಿರಾಮದಲ್ಲಿ ಇನ್ನೊಮ್ಮೆ ನೋಡಿ. ನೇತಾಡುವ ಸಿಂಬಲ್‌ನ ಕೆಳಗೆ ಮಗುವನ್ನು ಕೂರಿಸುವ ಮುಂಚೆಯಂತೂ ಚೆಕ್ ನಟ್ ಹಾಕಿರುವುದನ್ನು ನೀವೇ ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ.